ಶೃತಿಯ ತಲೆ ನೋಡದೆ ಹಾಕಿದ ಸಹಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಾಲ್ಕು ವರ್ಷದ ಶೃತಿಯ ತಲೆಗಾಯಕ್ಕೆ ಹುಳು ಬಿದ್ದಿದ್ದಕ್ಕೆ ‘ತಾಯಿಯ ನಿರ್ಲಕ್ಷ್ಯವೇ ಕಾರಣ’ ಎಂದು ತಾವು ವರದಿ ಬರೆದಿದ್ದೀರಿ. ಅದಕ್ಕೆ ಆಧಾರ, ಆಸ್ಪತ್ರೆ ಸೇರುವ ಮೂರು ದಿನ ಮುಂಚೆ ಮಗು ಆರೋಗ್ಯವಾಗಿತ್ತು ಎನ್ನುವ ತಪಾಸಣಾ ಪಟ್ಟಿ. ಆ ಪಟ್ಟಿಯ ಕೆಳಗಿರುವ ಸಹಿ ನನ್ನದು. ಆ ಪಟ್ಟಿ ಸುಳ್ಳು.

ಅಂದು ತಮ್ಮ ತಂಡ ನಮ್ಮ ಅಂಗನವಾಡಿಗೆ ಬಂದಿತ್ತು. ಬಂದಿತ್ತು ಎಂದರೂ ಹೆಚ್ಚಾಯಿತು, ಯಾರೂ ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ “ಎಲ್ಲಾ ಚೆನ್ನಾಗವ್ರಾ ಮೇಡಂ?” ಎಂದು ಕೇಳಿದರು. ಇಪ್ಪತ್ತಮೂರು ಮಕ್ಕಳ ಪರೀಕ್ಷೆ ಒಂದೇ ಪ್ರಶ್ನೆಯಲ್ಲಿ ಮುಗಿಯುವ ಈ ವೈದ್ಯಶಾಸ್ತ್ರವನ್ನು ತಾವು ಎಲ್ಲಿ ಕಲಿಸುತ್ತೀರಿ? ನಾನಂತೂ ನಿಂತಲ್ಲೇ ಕಲಿತೆ. ಹೂಂ ಎಂದು ಸಹಿ ಹಾಕಿಕೊಟ್ಟೆ.

ಆದರೆ ನನಗೆ ಗೊತ್ತಿತ್ತು. ಶೃತಿಯದು ಮನೆದೇವರಿಗೆ ಹರಕೆ ಹೊತ್ತ ಮುಡಿ. ಹುಟ್ಟಿದಾಗಿನಿಂದ ಕತ್ತರಿ ಸೋಕಿರಲಿಲ್ಲ. ಮನೆಯಲ್ಲಿ ಸಾವಾಗಿ, ಮುಡಿ ಕೊಡುವುದು ಒಂದು ವರ್ಷ ಮುಂದಕ್ಕೆ ಹೋಗಿತ್ತು. ತಲೆ ತುಂಬ ಹೇನು, ಹುಣ್ಣು, ವಾಸನೆ. ಕೂದಲು ಕತ್ತರಿಸಿ ಎಂದರೆ ಅಜ್ಜಿ ಪಟಾಲಮ್ಮ, “ದೇವ್ರ ಮುಡಿ ಕಣಮ್ಮ, ಅಂಗೆಲ್ಲ ಮುಟ್ಟಂಗಿಲ್ಲ” ಎಂದರು. ನಾನೂ ಅದೇ ದೇವರ ಒಕ್ಕಲು, ಬಾಯಿ ಮುಚ್ಚಿಕೊಂಡೆ.

ತಪಾಸಣೆಯ ದಿನ ಬೆಳಿಗ್ಗೆ ಮಗು, “ಮಿಸ್ಸೇ, ತಲೇಲಿ ಏನೋ ಓಡಾಡ್ತೈತೆ” ಎಂದಿತು. “ಹೇನು ಕಣೇ, ಸುಮ್ಕಿರು” ಎಂದು ಗದರಿದೆ. ವಾಸನೆ ಅಡಗಲೆಂದು ಕೊಬ್ಬರಿ ಎಣ್ಣೆ ಮೆತ್ತಿ, ಜಡೆಯನ್ನು ಬಿಗಿಯಾಗಿ ಕಟ್ಟಿ, ತಪಾಸಣಾ ಪಟ್ಟಿಯ ಜೊತೆ ಕಳಿಸುವ ಫೋಟೋಗೆ ನಿಲ್ಲಿಸಿದೆ. ಬೆಳಿಗ್ಗೆ ಆರಕ್ಕೇ ಗಾರ್ಮೆಂಟ್ಸ್ ವ್ಯಾನ್ ಹತ್ತುವ ತಾಯಿ ಆಶಾರಾಣಿ ಮಗುವನ್ನು ನಂಬಿ ಬಿಟ್ಟು ಹೋಗುತ್ತಿದ್ದದ್ದು ನನ್ನ ಹತ್ತಿರ.

ಅದಾಗಿ ಮೂರು ದಿನಕ್ಕೆ ಜಡೆಯಿಂದ ರಕ್ತ ಸೋರಿತು. ಆಶಾರಾಣಿ ಮತ್ತು ನಾನು ಮಗುವನ್ನು ಎತ್ತಿಕೊಂಡು ಶಿರಾ ಆಸ್ಪತ್ರೆಗೆ ಓಡಿದೆವು. ನರ್ಸ್ ತಲೆ ಬೋಳಿಸಿ, ಚಿಮಟದಿಂದ ಒಂದೊಂದೇ ಹುಳು ತೆಗೆದರು. ನಲವತ್ತರವರೆಗೆ ಎಣಿಸಿದೆ, ಆಮೇಲೆ ಆಗಲಿಲ್ಲ. ಹುಣ್ಣಿನ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದಂತೆ. ಕಿವಿಯ ಹತ್ತಿರಕ್ಕೇ ಬಂದಿದ್ದವಂತೆ. ಆಶಾರಾಣಿ ನನ್ನ ಕೈ ಹಿಡಿದು, “ನೀವೊಬ್ರಾದ್ರೂ ಇದ್ರಲ್ಲ ಮಿಸ್ಸೇ” ಎಂದಳು. ನಾಚಿಕೆಯಿಂದ ಸತ್ತೇ ಹೋದೆ, ಆದರೂ ನಿಜ ಹೇಳಲಿಲ್ಲ.

ಈಗ ಊರೆಲ್ಲ ಅವಳನ್ನು ಆಡಿಕೊಳ್ಳುತ್ತಿದೆ. ತಮ್ಮ ವರದಿಯಿಂದ ಅವಳ ಹೆಸರು ತೆಗೆಯಿರಿ. ಆ ಜಾಗದಲ್ಲಿ ನನ್ನ ಹೆಸರು ಬರೆಯಿರಿ, ಪಕ್ಕದಲ್ಲಿ ತಮ್ಮದನ್ನೂ. ಮುಡಿ ಬಿಟ್ಟ ಮಕ್ಕಳು ಇನ್ನೂ ಮೂವರಿದ್ದಾರೆ. ಸೋಮವಾರವೇ ತಂಡ ಬರಲಿ, ಒಬ್ಬೊಬ್ಬರ ತಲೆಯನ್ನೂ ಬಿಡಿಸಿ ನೋಡಲಿ.

ಇದನ್ನೆಲ್ಲ ಮೊದಲು ಆಶಾರಾಣಿಗೇ ಹೇಳಬೇಕಿತ್ತು. ಎರಡು ಸಲ ಅವಳ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬಂದೆ. ಎರಡನೇ ಸಲ ಅವಳು ಒಳಗೆ ಕರೆದು ಕಾಫಿ ಕೊಟ್ಟಳು. ಕುಡಿದು ಬಂದೆ.

ಇಂತಿ,
ಆ ಕಾಫಿ ಕುಡಿದ,
ಮಹಾಲಕ್ಷ್ಮಮ್ಮ
ಅಂಗನವಾಡಿ ಕಾರ್ಯಕರ್ತೆ