ಮನಿ ಸಾಲಿಯ ವೆಬ್‌ಸೈಟು

ಹಿಂದವಾಡಿಯ ವೆಬ್‌ಸೈಟ್ ತಜ್ಞ ಸುಜಯ ಸಾಹೇಬರಿಗೆ,

ಸಾಹೇಬ ಎಂದದ್ದು ನಿನ್ನ ಆಫೀಸಿನ ಬೋರ್ಡಿಗೆ. ಒಳಗೆ ಕೂತವನು ಖಾನಾಪುರದ ನಮ್ಮ ಓಣಿಯವನು, ಒಂದನೇ ಇಯತ್ತೆಯಿಂದ ನನ್ನ ಪೆನ್ಸಿಲ್ ಕದ್ದವನು. ಅವನಿಗೆ ನೀನು ಎಂದೇ ಬರೆಯುತ್ತೇನೆ.

ನಮ್ಮವ್ವ ಸಿದ್ದಕ್ಕ ಮೂವತ್ತು ವರ್ಷಗಳಿಂದ ಪಡಸಾಲೆಯಲ್ಲಿ ಹೆಂಗಸರಿಗೆ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ. ಮನೆಯಲ್ಲೇ ನಡೆಯುವ ಶಾಲೆ, ಹಾಗಾಗಿ ಊರೆಲ್ಲ 'ಮನಿ ಸಾಲಿ' ಎನ್ನುತ್ತದೆ. ಕಲಿಯುವವರು ಮೂರಕ್ಕೆ ಇಳಿದಾಗ ನಾನು ಬುದ್ಧಿಗೆಟ್ಟು ಅವಳನ್ನು ಕರೆದುಕೊಂಡು ನಿನ್ನ ಹತ್ತಿರ ಬಂದೆ. ವೆಬ್‌ಸೈಟು ಇದ್ದರೆ ದೂರದವರೂ ಬಂದಾರು, ಸಾಲಿ ಉಳಿದೀತು ಎಂಬ ಆಸೆ. ನನಗೆ ಕೋಡಿಂಗ್ ಬಾರದು. ನಿನಗೂ ಬಾರದು ಎಂದು ಅಲ್ಲಿಗೆ ಬಂದ ಮೇಲೆ ತಿಳಿಯಿತು.

ನೀನು ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, "ಈಗ ಕೋಡಿಂಗ್ ಬರಬೇಕಂತೇನಿಲ್ಲ. ಬಾಯಿಲೆ ಹೇಳಿದ್ರ ಸಾಕು, ಸಾಫ್ಟ್‌ವೇರ್ ತಾನ ಕಟ್ಟತೈತಿ" ಎಂದೆ. ಅವ್ವ ನಿನ್ನ ಮೊಬೈಲಿನ ಹತ್ತಿರ ಬಗ್ಗಿ, "ನಮ್ಮದು ಮನಿ ಸಾಲಿ ಐತ್ರಿ. ಬರ್ರಿ, ಕುಂದರ್ರಿ, ಸೂಜಿ ಹಿಡೀರಿ" ಎಂದಳು. ಮೊಬೈಲಿಗೂ ರೀ ಹಚ್ಚಿ ಮಾತಾಡುವ ಹೆಂಗಸು ಅವಳು. ನೀನು ಮೂಗು ಮುರಿದು, "ಕಾಕು, ಮನಿ ಅಲ್ರಿ, ಮನೆ ಅನ್ರಿ" ಎಂದೆ. ಅವ್ವ ನಕ್ಕಳು.

ನಾಲ್ಕು ದಿನಕ್ಕೆ ನಿನ್ನ ಘನಕಾರ್ಯ ಹೊರಬಿತ್ತು. ಯಾವುದೋ ದೇಶದ ಗಂಡಹೆಂಡತಿ ಬೀಗದ ಕೈ ಹಿಡಿದು ಹಲ್ಲು ಕಿಸಿಯುತ್ತಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ, 'ಸಿದ್ದಕ್ಕನ ಮನೆ ಸಾಲ'. ಕೆಳಗೆ ನಮ್ಮ ಫೋನ್ ನಂಬರು. ಅದನ್ನು ಒಮ್ಮೆಯೂ ಓದದೆ ಗ್ರೂಪುಗಳಿಗೆಲ್ಲ ಹರಿಬಿಟ್ಟೆಯಲ್ಲ, ಭಲೇ!

ಕಣಕುಂಬಿಯಿಂದ ಶಾಹಜಾದಿ ಎಂಬಾಕೆ ಮೊದಲ ಬಸ್ಸಿಗೆ ಬಂದಿಳಿದಳು, ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ಕಾಗದಪತ್ರ ಹಿಡಿದುಕೊಂಡು. "ಇಲ್ಲಿ ಸಾಲ ಇಲ್ಲವ್ವಾ, ಸಾಲಿ ಐತಿ" ಎಂದು ಅವ್ವ ಹೇಳಿದಾಗ ಆಕೆ ಹೊಸ್ತಿಲ ಮೇಲೇ ನಿಂತು, ಬಿಚ್ಚಿದ್ದ ಚೀಲಕ್ಕೆ ಮತ್ತೆ ಗಂಟು ಹಾಕಿದಳು. ಅವ್ವ ಚಹಾ ಕೊಟ್ಟು, ಬಸ್‌ಸ್ಟ್ಯಾಂಡಿನವರೆಗೂ ನಡೆದು ಹತ್ತಿಸಿ ಬಂದಳು. ಆಮೇಲೆ ಸೂಜಿ ಡಬ್ಬಿಯನ್ನು ಟ್ರಂಕಿಗೆ ಹಾಕಿ, "ನನ್ನ ಹೆಸರಿಲೆ ಬಡವರಿಗೆ ಮೋಸ ಆತು. ಸಾಲಿ ಸಾಕಿನ್ನ" ಎಂದಳು. ನಿನಗೆ ಫೋನ್ ಮಾಡಿದರೆ ಒಂದೇ ಉತ್ತರ: "ಸಾಫ್ಟ್‌ವೇರ್ ತಪ್ಪ ಐತಿ, ನಾ ಏನ ಮಾಡ್ಲಿ?"

ನಾನೇ ಕೂತು ಒಂದೊಂದೇ ಸಾಫ್ಟ್‌ವೇರ್ ತೆರೆದು ನೋಡಿದೆ. ಒಂದರಲ್ಲಿ ಒತ್ತಕ್ಷರ ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಇನ್ನೊಂದು ತನ್ನದೇ ಫೋಟೋಗಳನ್ನು ಬಿಟ್ಟುಕೊಡಲೊಲ್ಲದು. ಕೊನೆಗೆ ನೀನು ಬಳಸಿದ್ದನ್ನೇ ತೆರೆದು ಅವ್ವನ ಮಾತನ್ನೇ ಹೇಳಿದೆ. ಅದು ಅಲ್ಲೇ ನಿಂತು ಕೇಳಿತು: ನೀವು ಹೇಳಿದ್ದು 'ಮನಿ ಸಾಲಿ'ಯೋ, 'ಮನೆ ಸಾಲ'ವೋ?

ನಿನ್ನನ್ನೂ ಕೇಳಿತ್ತು, ಸುಜಯ! ಯಂತ್ರಕ್ಕಿದ್ದ ಅಳುಕು ನಿನಗಿರಲಿಲ್ಲ. 'ಮನಿ' ಕಂಡೊಡನೆ ನಾಚಿಕೊಂಡು ನೀನು 'ಮನೆ' ಒತ್ತಿದೆ. ಪಕ್ಕದಲ್ಲಿ ಸಾಲ ಕೂತಿದ್ದನ್ನು ಓದುವಷ್ಟು ಪುರಸೊತ್ತೂ ಇರಲಿಲ್ಲ. ಥೂ ನಿನ್ನ! ಕೋಡಿಂಗ್ ಬಾರದಿದ್ದರೆ ನಡೆಯುತ್ತದೆ. ಅವ್ವನ ಮಾತಿಗೆ ನಾಚುವವನು ಅವಳ ಬೋರ್ಡು ಬರೆಯಬಾರದು.

ನಾನು ಆರಿಸಿದ್ದು ಎಲ್ಲಕ್ಕಿಂತ ಸಪ್ಪೆಯದನ್ನು. ಬಣ್ಣ ಎರಡೇ. ಆದರೆ ನಾನು ಟೈಪು ಮಾಡಿದ್ದನ್ನು ತಿದ್ದಲು ಅದಕ್ಕೆ ಬರುವುದಿಲ್ಲ. 'ಮನಿ ಸಾಲಿ. ಬರ್ರಿ, ಕುಂದರ್ರಿ, ಸೂಜಿ ಹಿಡೀರಿ.' ಓದಿ ಹೇಳಿದಾಗ ಅವ್ವ, "ನಾ ಅಂದಂಗ ಐತೇನ?" ಎಂದು ಎರಡು ಸಲ ಕೇಳಿ, ಟ್ರಂಕು ತೆಗೆದಳು. ಕ್ಷಮೆ ಕೇಳಲು ಶಾಹಜಾದಿಗೆ ಫೋನ್ ಮಾಡಿದೆ. ಆಕೆ, "ಸಾಲಿ ಐತಿ ಅಂದಿದ್ರಲ್ಲ, ನನಗ ಕಲಸ್ತೀರೇನ್ರಿ?" ಎಂದಳು. ಸೋಮವಾರದಿಂದ ಬರುತ್ತಾಳೆ. ನಿನ್ನನ್ನೂ ಕರೆ ಎಂದು ಅವ್ವ ಹೇಳಿದ್ದಾಳೆ. ನಾನಾಗಿದ್ದರೆ ಕರೆಯುತ್ತಿರಲಿಲ್ಲ.

ಬರದಿದ್ದರೂ ವೆಬ್‌ಸೈಟು ತೆರೆದು ನೋಡು. ಮೇಲ್ಗಡೆ ಇರುವ ಫೋಟೋ ನಿಮ್ಮವ್ವ ಇದೇ ಸಾಲಿಯಲ್ಲಿ ಕಲಿತು ಹೊಲಿದ ಮೊದಲ ಕೌದಿಯದು, ತೀರಿಕೊಳ್ಳುವ ಮುಂಚೆ ನಮ್ಮವ್ವನ ಕೈಗೆ ಕೊಟ್ಟು ಹೋದದ್ದು. ನಡುವಿನ ಖಾಕಿ ಚೌಕ ನಿನ್ನ ಸಾಲಿ ಚಡ್ಡಿಯ ತುಂಡು. ಬೇಕಾದರೆ ಅದನ್ನೂ ತಿದ್ದು.

ನಾಚಬೇಕಾದ ಕಡೆ ನಾಚುವ ಬುದ್ಧಿ ನಿನಗೆ ಬರಲಿ. ಚೆನ್ನಾಗಿರು.

ಪ್ರಮಿಳಾ
ಮನಿ ಸಾಲಿ, ಖಾನಾಪುರ