ಬೋಳು ಸಾಲು

ಮಾಸೂರು
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಶ್ವೇತಕ್ಕನಿಗೆ,

ನಾವೆಲ್ಲ ಆರಾಮ. ಯಲವಿಗಿಯಲ್ಲಿ ನೀವೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನೇ ಮಾತಾಡುತ್ತೀ, ನಾನು ಹ್ಞೂಂ ಅನ್ನುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಮಗಳು ಅಂಕಿತಾ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ಹನ್ನೆರಡು ತುಂಬಿದರೂ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ನೀನು ಫೋನಿನಲ್ಲಿ ಅತ್ತುಬಿಟ್ಟೆ. ಆಮೇಲೆ, "ಏನೂ ಬರದಾಕಿ ನೀ, ಬೀಜದ ಬೆಂಡಿ ಕ್ರಾಸಿಂಗ್ ಹೆಂಗ ಕಲ್ತಿ?" ಎಂದೂ ಕೇಳಿದೆ. ಹೇಳುತ್ತೇನೆ.

ಬೀಜಕ್ಕೆಂದು ಬೆಳೆಸುವ ಬೆಂಡೆ ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಉಗುರಿನಿಂದ ಬಿಡಿಸಿ, ಗಂಡು ಭಾಗ ತೆಗೆದು, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಬೇರೆ ಗಿಡದ ಹೂವಿನ ಪುಡಿ ಸವರಬೇಕು. ಉಗುರು ತುಸು ಒಳಗೆ ತಾಗಿದರೂ ಕಾಯಿ ಕಟ್ಟುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಸರೋಜವ್ವ ಒಂದು ಸಾಲು ತೋರಿಸಿ, "ಇದು ನಿಂದು. ನಾ ಮುಟ್ಟಂಗಿಲ್ಲ" ಎಂದರು. ಮೊಗ್ಗುಗಳನ್ನೆಲ್ಲ ಕೆಡಿಸಿದೆ. ನನ್ನ ಬೆರಳನ್ನು ಕೊಡಲಿಗೆ ಹೋಲಿಸಿ ನಕ್ಕರು. ಮರುದಿನ ತಾವೇ ಆ ಸಾಲಿಗೆ ಇಳಿಯುತ್ತಾರೆಂದು ಕಾದೆ. ಇಳಿಯಲಿಲ್ಲ.

ಕೆಲವು ದಿನಗಳಲ್ಲಿ ಎಲ್ಲರ ಸಾಲಿನಲ್ಲೂ ಕಾಯಿ, ನನ್ನದು ಮಾತ್ರ ಬೋಳು. ಪಕ್ಕದ ಹೊಲದ ಸುಶೀಲವ್ವ ಬದುವಿನ ಮೇಲೆ ನಿಂತು, "ಸರೋಜವ್ವ, ಇದೊಂದು ಸಾಲು ಯಾಕ ಬೋಳಾಗೇತಿ?" ಎಂದಳು.

ಅತ್ತೆ ತಲೆ ಎತ್ತಲಿಲ್ಲ. "ಅದು ಭಾಗ್ಯಾಂದು. ಆಕೀನ್ನ ಕೇಳು."

ಸುಶೀಲವ್ವ ನನ್ನ ಕಡೆ ತಿರುಗಿದಳು. ನನ್ನ ಕೆಲಸದ ಬಗ್ಗೆ ನನ್ನನ್ನೇ ಒಬ್ಬರು ಕೇಳಿದ್ದು ಅದೇ ಮೊದಲು.

"ಉಗುರು ಉದ್ದ ಆಗ್ಯಾವ್ರಿ, ಒಳಗ ತಾಗಾಕತ್ತಾವು. ಕತ್ತರಿಸ್ಕೊಂಡು ಮತ್ತ ಮಾಡ್ತೇನಿ" ಎಂದೆ.

ನಾಚಿಕೆಯಾಯಿತು, ನಿಜ. ಆದರೆ ಆ ಸಂಜೆ ಸಾಲು ಬಿಟ್ಟು ಬರಲು ಮನಸ್ಸಾಗಲಿಲ್ಲ. ಮೊದಲ ಕಾಯಿ ಕಂಡ ಬೆಳಿಗ್ಗೆ ಚಹಾ ಕುಡಿಯುವುದನ್ನೇ ಮರೆತೆ. ಈಗ ಹೊಸದಾಗಿ ಬರುವ ಹೆಂಗಸರನ್ನು ಅತ್ತೆ ನನ್ನ ಹತ್ತಿರವೇ ಕಳಿಸುತ್ತಾರೆ.

ದಸರಾ ರಜೆಗೆ ಅಂಕಿತಾಳನ್ನು ಕಳಿಸು. ಒಂದು ಸಾಲು ಅವಳಿಗೆಂದೇ ಬಿಟ್ಟಿದ್ದೇನೆ. ಮಾಮಾನಿಗೆ ನಮಸ್ಕಾರ, ಅಂಕಿತಾಳಿಗೆ ಆಶೀರ್ವಾದ.

ನಿನ್ನ ತಂಗಿ,
ಭಾಗ್ಯಶ್ರೀ

ತಾ.ಕ.: ಅಕ್ಕಾ, ಅವ್ವ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆದವಳು ನೀನು, ಉಣಿಸಿದವಳು ನೀನು. ನಾನು ಸೂಜಿ ಹಿಡಿಯಲಿ, ಹಿಟ್ಟು ಹಿಡಿಯಲಿ, "ಇತ್ತ ಕೊಡು, ಕೆಡಸ್ತಿ" ಎಂದು ನೀನು ತೆಗೆದುಕೊಳ್ಳುತ್ತಿದ್ದೆ. ಪ್ರೀತಿಯಿಂದಲೇ, ಗೊತ್ತು. ಆದರೆ ಮದುವೆಯಾಗುವವರೆಗೂ ನನಗೆ ಕೈಗಳಿವೆ ಎಂದೇ ಅನ್ನಿಸಿರಲಿಲ್ಲ. ಅಂಕಿತಾ ಬಡಿದ ರೊಟ್ಟಿ ಹರಿದರೆ, ಹರಿದದ್ದನ್ನೇ ತಿನ್ನು.