ಮಾಡಿ ನೋಡಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8:10, ಬಸ್ಸಿನಲ್ಲಿ

ಕಿಟಕಿ ಪಕ್ಕ ಸೀಟು ಸಿಕ್ಕಿತು. ಫೋನಿನಲ್ಲಿ ಓದದೆ ಉಳಿದ ಸುದ್ದಿ 212. ನಿನ್ನೆ ಸಂಜೆಯಷ್ಟೇ ಸೊನ್ನೆಗೆ ಇಳಿಸಿದ್ದೆ. ಈ ಪ್ರೋಗ್ರಾಮರ್‌ಗಳಿಗೆ ಭಾನುವಾರ ಅನ್ನುವುದೇ ಇಲ್ಲವೋ ಏನೋ. ವೆಬ್‌ಸೈಟ್ ಕಟ್ಟಲು ಹೊಸ ಫ್ರೇಮ್‌ವರ್ಕ್ ಎರಡು. ಹಳೆಯದೊಂದಕ್ಕೆ ಹೊಸ ಹೆಸರು. ಹೋದ ವರ್ಷ 'ಮುಂದಿನ ಕಾಲವೆಲ್ಲ ಇದರದ್ದೇ' ಎಂದು ಬರೆದಿದ್ದವನೇ ಇವತ್ತು 'ನಾವು ಅದನ್ನೇಕೆ ಬಿಟ್ಟೆವು' ಎಂದು ಬರೆದಿದ್ದಾನೆ.

ಹತ್ತು ಗಂಟೆಗೆ ಆಫೀಸಿನ ಒಳಪುಟಕ್ಕೆ ವಾರದ ಸುದ್ದಿ ಚೀಟಿ ಹಾಕಬೇಕು. ಹತ್ತು ಸಾಲು. ಆರು ಸಿಕ್ಕಿವೆ.

ಈ ಚೀಟಿಯ ಕಾಟ ಶುರುವಾಗಿದ್ದು ಎರಡು ವರ್ಷದ ಹಿಂದೆ. ಎಲ್ಲರಿಗೂ ಎಲ್ಲವನ್ನೂ ಓದಲಾಗುವುದಿಲ್ಲ, ಒಬ್ಬರು ಓದಿ ವಾರಕ್ಕೊಮ್ಮೆ ಉಳಿದವರಿಗೆ ಹೇಳಲಿ ಎಂದರು, ಆಫೀಸು ನಡೆಸುವ ಮೇಡಮ್. ಆಫೀಸಿನಲ್ಲಿ ನಾವಿರುವುದೇ ಆರು ಜನ, ಲೈಬ್ರರಿ, ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವವರು. ಎಲ್ಲರೂ ನನ್ನ ಕಡೆ ತಿರುಗಿದರು. ಅಂದಿನಿಂದ ನಾನು ವಾರ್ತಮ್ಮ. ಪ್ರತಿ ಸಾಲಿನ ಕೊನೆಗೆ ನನ್ನ ಮುದ್ರೆ. ಬರೀ ಓದಿದ್ದರೆ 'ನೋಡಿದೆ'. ನನ್ನ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿದ್ದರೆ 'ಮಾಡಿ ನೋಡಿದೆ'. ಈ ಶಿಸ್ತು ನಾನೇ ತಂದದ್ದು. ಆಗ ಬಹಳ ಹೆಮ್ಮೆಯಿತ್ತು.

9:50

ಏಳನೆಯ ಸಾಲು — ಹೊಸ ಬಿಲ್ಡ್ ಟೂಲ್. ನಾವು ಬರೆದ ಕೋಡನ್ನೆಲ್ಲ ಒಟ್ಟು ಮಾಡಿ ಸೈಟ್ ಕಟ್ಟಿಕೊಡುವುದು ಅದರ ಕೆಲಸ. ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಎಂಟು ಸೆಕೆಂಡಿಗೆ ಮುಗಿಯುತ್ತದಂತೆ. ತಲೆಬರಹ ಓದಿದೆ, ಗ್ರಾಫ್ ನೋಡಿದೆ. ಒಳಗೆ ಉದ್ದದ ಟಿಪ್ಪಣಿಯಿತ್ತು… ಟೈಮ್ ಎಲ್ಲಿ?

ಹೋದ ವಾರ ಮೂಲೆ ಮೇಜಿನವನು ಚೀಟಿ ನೋಡಿ, 'ಬರೀ ನೋಡೋದೇನಾ ವಾರ್ತಮ್ಮ, ಮುಟ್ಟೋದಿಲ್ವಾ?' ಎಂದಿದ್ದ. ಎಲ್ಲರೂ ನಕ್ಕಿದ್ದರು.

ಏಳನೆಯ ಸಾಲಿಗೆ 'ಮಾಡಿ ನೋಡಿದೆ' ಎಂದು ಬರೆದೆ. ಮಧ್ಯಾಹ್ನ ಹೇಗೂ ಮಾಡಿ ನೋಡುತ್ತೇನಲ್ಲ.

ಮಾರ್ಚ್ 4, ಮಂಗಳವಾರ

ಮಾಡಿ ನೋಡಲಿಲ್ಲ.

ಮೇಷ್ಟ್ರು ಚೀಟಿಯ ಪ್ರಿಂಟ್ ಹಿಡಿದು ಬಂದರು. ಆಫೀಸಿನಲ್ಲಿ ಚೀಟಿಯನ್ನು ಪ್ರಿಂಟ್ ಹಾಕಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಓದುವವರು ಅವರೊಬ್ಬರೇ. ನಮ್ಮ ಜೊತೆ ಕೆಲಸ ಮಾಡುವವರಾದರೂ ನನಗಂತೂ ನಿಜವಾಗಿ ಮೇಷ್ಟ್ರೇ. ಹದಿನೈದು ವರ್ಷದ ಹಿಂದೆ, ಸಂಜೆ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನಿಂದ ಮೊದಲ ವೆಬ್ ಪುಟ ಬರೆಸಿದವರು. ಈಗ ಐವತ್ತೆಂಟು. ಹೊಸದರ ಜೊತೆ ಓಡಲು ಏದುಸಿರು ಬಿಡುತ್ತಾರೆ, ಆದರೂ ಓಡುತ್ತಾರೆ.

ಏಳನೆಯ ಸಾಲಿನ ಕೆಳಗೆ ಎರಡು ಗೆರೆ. ಡಯಾಲಿಸಿಸ್ ಕೇಂದ್ರದ ಸೈಟನ್ನು ಇದಕ್ಕೆ ಬದಲಾಯಿಸಬಹುದೇ ಎಂದು ಕೇಳಿದರು. ರೋಗಿಗಳು ತಮ್ಮ ಸರದಿ ಗೊತ್ತುಮಾಡಿಕೊಳ್ಳುವ ಸೈಟು ಅದು.

"ಮಾಡಿ ನೋಡಿದೀಯಲ್ಲಮ್ಮ?"

"ಹೂಂ ಮೇಷ್ಟ್ರೇ."

"ಹಾಗಾದ್ರೆ ಸರಿ. ನೀನು ನೋಡಿದ್ರೆ ನಾನು ನೋಡಿದ ಹಾಗೇ."

ಆಗಲಾದರೂ ಹೇಳಬಹುದಿತ್ತು.

ಮಾರ್ಚ್ 8, ಶನಿವಾರ

ಮನೆ. ಅಮ್ಮ ಒಲೆಯ ಮುಂದಿನಿಂದ, "ಉಪ್ಪು ನೋಡೇ" ಎಂದರು. ನನ್ನ ಕೈಯಲ್ಲಿ ಫೋನು, ಫೋನಿನಲ್ಲಿ ಯಾರೋ ಇಬ್ಬರ ಜಗಳ — ಕೋಡಿನಲ್ಲಿ ಸೆಮಿಕೋಲನ್ ಬೇಕೇ ಬೇಡವೇ ಎಂದು. ಪಾತ್ರೆಯೊಳಗೆ ಇಣುಕಿ 'ಸರಿಯಾಗಿದೆ' ಎಂದೆ. ಊಟಕ್ಕೆ ಕೂತರೆ ಉಪ್ಪೇ ಇಲ್ಲ, ಬರೀ ಸಪ್ಪೆ.

"ಉಪ್ಪು ನೋಡು ಅಂದ್ರೆ ಕಣ್ಣಲ್ಲಿ ನೋಡ್ತಾರೇನೇ?"

ಬಿದ್ದು ಬಿದ್ದು ನಕ್ಕೆ. ಆಮೇಲೆ ಏಳನೆಯ ಸಾಲು ನೆನಪಾಯಿತು. ಸೋಮವಾರ ಖಂಡಿತ ಮಾಡಿ ನೋಡಬೇಕು.

ಮಾರ್ಚ್ 13, ಗುರುವಾರ

ಮೇಷ್ಟ್ರು ಎಲ್ಲರಿಗೂ ಬಿಸ್ಕತ್ತು ತಂದಿದ್ದರು. ಸೈಟು ಬದಲಾಯಿಸಿ ಆಯಿತಂತೆ. ಎಂಟಲ್ಲ, ಏಳೇ ಸೆಕೆಂಡು. ತಮ್ಮ ಫೋನಿನಲ್ಲಿ ಒತ್ತಿ ತೋರಿಸಿದರು — ಆಫೀಸಿನಿಂದ ಕೊಟ್ಟ ಹೊಸ ಫೋನು — ಒತ್ತಿದ ತಕ್ಷಣ ತೆರೆದುಕೊಂಡಿತು. ಮುದಿ ಕುದುರೆಯೂ ಓಡ್ತದೆ ನೋಡ್ರಪ್ಪಾ ಎಂದು ಮೂಲೆ ಮೇಜಿನವನ ಬೆನ್ನು ತಟ್ಟಿದರು. ಮೇಡಮ್ ಕೂಡ ಹೊಗಳಿದರು.

ಎರಡು ಬಿಸ್ಕತ್ತು ತಿಂದೆ. ಇಷ್ಟು ಚೆನ್ನಾಗಿ ನಡೆದ ಮೇಲೆ ನಾನು ಮಾಡಿ ನೋಡುವುದೇನು ಉಳಿದಿದೆ ಎಂದುಕೊಂಡೆ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3:20

ಡಯಾಲಿಸಿಸ್ ಕೇಂದ್ರದಿಂದ ಫೋನ್. ಗುರುವಾರದಿಂದ ಹಳೆಯ ಫೋನುಗಳಲ್ಲಿ ಸರದಿ ಗೊತ್ತುಮಾಡುವ ಬಟನ್ ಕೆಲಸ ಮಾಡುತ್ತಿಲ್ಲ. ತಪ್ಪಾಗಿದೆ ಅಂತಲೂ ಬರುವುದಿಲ್ಲ. ಒತ್ತಿದರೆ ಸುಮ್ಮನಿರುತ್ತದೆ. ಹೊಸ ಫೋನಿನವರು ಎಂದಿನಂತೆ ಸರದಿ ಗೊತ್ತುಮಾಡುತ್ತಿದ್ದುದರಿಂದ ಐದು ದಿನ ಯಾರಿಗೂ ತಿಳಿಯಲಿಲ್ಲ. ಹದಿನಾಲ್ಕು ಜನರಿಗೆ ಸರದಿ ತಪ್ಪಿದೆ. ಅವರಲ್ಲೊಬ್ಬರು ಟೈಲರ್, ಮೈಯೆಲ್ಲ ಊದಿ, ಉಸಿರು ಕಟ್ಟಿ, ನಿನ್ನೆ ಆಸ್ಪತ್ರೆ ಸೇರಿದ್ದಾರೆ.

ಮೇಷ್ಟ್ರು ಹತ್ತು ನಿಮಿಷದಲ್ಲಿ ಹಳೆಯದನ್ನೇ ವಾಪಸ್ ಹಾಕಿದರು.

4:00

ಟಿಪ್ಪಣಿ ಈಗ ಓದಿದೆ. ನಾಲ್ಕನೆಯ ಪ್ಯಾರಾ: 'ಈ ಆವೃತ್ತಿಯಿಂದ ಹಳೆಯ ಬ್ರೌಸರ್‌ಗಳಿಗೆ ಬೆಂಬಲವಿಲ್ಲ, ಬೇಕಾದವರು ಸೆಟ್ಟಿಂಗ್ ಬದಲಾಯಿಸಿಕೊಳ್ಳಿ.' ಹಳೆಯ ಫೋನುಗಳಲ್ಲಿರುವುದು ಅಂಥ ಬ್ರೌಸರ್‌ಗಳೇ. ಮಾರ್ಚ್ ಮೂರರಂದೂ ಇದೇ ಇತ್ತು. ಓದಲು ಹಿಡಿದದ್ದು ಎರಡು ನಿಮಿಷ.

5:40. ಎಲ್ಲರೂ ಹೋದ ಮೇಲೆ

ಚೀಟಿಗಳೆಲ್ಲ ಇರುವುದು ಆಫೀಸಿನ ಒಳಪುಟದಲ್ಲಿ. ಯಾರು ಯಾವಾಗ ತಿದ್ದಿದರು ಎಂದು ಆ ಪುಟ ನೆನಪಿಡುವುದಿಲ್ಲ. ನಾನೇ ಮಾಡಿದ ಪುಟ, ಗೊತ್ತು. ಮಾರ್ಚ್ ಮೂರರ ಚೀಟಿ ತೆರೆದೆ. ಏಳನೆಯ ಸಾಲು.

'ಮಾಡಿ' ಎಂಬುದನ್ನು ಅಳಿಸಿದೆ. 'ನೋಡಿದೆ' ಉಳಿಯಿತು.

ಎರಡೇ ಅಕ್ಷರ. ಥೂ.

ಮಾರ್ಚ್ 19, ಬುಧವಾರ

ಮೀಟಿಂಗ್. ಯಾರನ್ನು ನಂಬಿ ಬದಲಾಯಿಸಿದಿರಿ ಎಂದು ಮೇಡಮ್ ಕೇಳಿದರು. ಮೇಷ್ಟ್ರು ಬಾಯಿ ಬಿಡುವ ಮೊದಲೇ ನಾನು, 'ಚೀಟಿಯಲ್ಲಿ ನೋಡಿದೆ ಅಂತಷ್ಟೇ ಹಾಕಿದ್ದೆ' ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನ್ನನ್ನು ಯಾರೂ ಕೇಳಿರಲೇ ಇಲ್ಲ.

ಮೂಲೆ ಮೇಜಿನವನು ಚೀಟಿಯನ್ನು ದೊಡ್ಡ ಪರದೆಗೆ ಹಾಕಿದ. 'ನೋಡಿದೆ.' ಮೇಷ್ಟ್ರು ಪರದೆಯನ್ನೇ ನೋಡಿದರು. ಆಮೇಲೆ ನನ್ನನ್ನು. ಕನ್ನಡಕ ತೆಗೆದು ಒರೆಸಿದರು.

"ನನ್ನ ಕಣ್ಣೇ ಸರಿ ಇಲ್ಲ. ಓದೋದ್ರಲ್ಲೇ ತಪ್ಪಿರ್ಬೇಕು."

ಮೀಟಿಂಗ್ ಮುಗಿದ ಮೇಲೆ ಡ್ರಾಯರಿನಿಂದ ತಮ್ಮ ಚೀಟಿ ಫೈಲ್ ತೆಗೆದರು. ಪ್ರಿಂಟುಗಳ ಫೈಲು. ಪ್ರಿಂಟ್ ಇದೆಯೆಂಬುದು ನನಗೆ ಮರೆತೇ ಹೋಗಿತ್ತು. ಒಂದು ಹಾಳೆಯನ್ನು ಬಹಳ ಹೊತ್ತು ನೋಡಿದರು. ಫೈಲ್ ಮುಚ್ಚಿ, ಯಾರಿಗೂ ತೋರಿಸದೆ ಒಳಗಿಟ್ಟರು.

ಮಾರ್ಚ್ 26, ಬುಧವಾರ

ಒಂದು ವಾರದಿಂದ ಇಲ್ಲಿ ಬರೆದಿಲ್ಲ. ಸೋಮವಾರದ ಚೀಟಿ ಹಾಕಿದೆ, ಹತ್ತಕ್ಕೆ ಹತ್ತೂ 'ನೋಡಿದೆ'. ಯಾರೂ ತಮಾಷೆ ಮಾಡಲಿಲ್ಲ.

ಟೈಲರ್ ಮನೆಗೆ ಬಂದಿದ್ದಾರೆಂದು ತಿಳಿಯಿತು. ಹೋದೆ. ನೆಪಕ್ಕೆ ಅಂಚು ಮಡಿಸಲು ಒಂದು ಪ್ಯಾಂಟ್ ಹಿಡಿದುಕೊಂಡು. ಮುಂದೆ ಅಂಗಡಿ, ಹಿಂದೆಯೇ ಮನೆ. ಹೊಲಿಗೆ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ವಯಸ್ಸಾದವರು. ಕಾಲು ಇನ್ನೂ ಊದಿದೆ, ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು. ವೆಬ್‌ಸೈಟ್ ಆಫೀಸಿನವಳು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ… ಬೈದಿದ್ದರೆ ಚೆನ್ನಾಗಿತ್ತು. ಗಾಜು ಬಿರುಕು ಬಿಟ್ಟ ಫೋನನ್ನು ಕೈಗೆ ಕೊಟ್ಟರು.

"ಒತ್ತಿದೆ, ಒತ್ತಿದೆ, ಎರಡು ದಿನ ಒತ್ತಿದೆ ಕಣಮ್ಮ. ಸೂಜಿ ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿದೆ, ಅದಕ್ಕೇ ಫೋನಿಗೆ ಗೊತ್ತಾಗ್ತಿಲ್ಲ ಅಂದ್ಕೊಂಡೆ."

ಇವರು ಬೆರಳು ಸರಿ ಇಲ್ಲ ಅನ್ನುತ್ತಾರೆ, ಮೇಷ್ಟ್ರು ಕಣ್ಣು ಸರಿ ಇಲ್ಲ ಅನ್ನುತ್ತಾರೆ. ಇವರ ಫೋನಿನಲ್ಲಿ ಆ ಬಟನ್ ಒತ್ತಿದೆ. ಈಗ ತೆರೆಯಿತು. ಈ ತಿಂಗಳಲ್ಲಿ ನಾನು ಕೈಯಾರೆ ಮಾಡಿ ನೋಡಿದ್ದು ಇದೊಂದೇ. ಪ್ಯಾಂಟನ್ನು ಅಲ್ಲೇ ಮರೆತು ಬಂದೆ.

ಮಾರ್ಚ್ 28, ಶುಕ್ರವಾರ

ಮೇಡಮ್ ತೀರ್ಮಾನ ಮಾಡಿಯಾಗಿದೆ. ಸೋಮವಾರ ಹನ್ನೊಂದಕ್ಕೆ ಕೇಂದ್ರದವರು ಬರುತ್ತಾರೆ. ತಪ್ಪು ಮಾಡಿದವರನ್ನು ತೆಗೆದಿದ್ದೇವೆ ಎಂದು ಅವರಿಗೆ ಹೇಳಬೇಕಂತೆ. ಏಪ್ರಿಲ್ ಒಂದರಿಂದ ಮೇಷ್ಟ್ರು ಬರುವುದಿಲ್ಲ. ಮೂಲೆ ಮೇಜಿನವನು, ಪಾಪ, ವಯಸ್ಸಾಯಿತಲ್ಲ, ಹೊಸದರ ಜೊತೆ ಏಗಲಾಗಲಿಲ್ಲ ಎಂದ. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ.

ಸಂಜೆ ಮೇಷ್ಟ್ರು ನನ್ನ ಮೇಜಿಗೆ ಬಂದು ಫೈಲ್ ಇಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ ಕಣಮ್ಮ. ನನ್ನ ಮೇಜು ಖಾಲಿ ಮಾಡೋವಾಗ ಯಾರ ಕೈಗಾದ್ರೂ ಸಿಕ್ಕೀತು."

"ಮೇಷ್ಟ್ರೇ, ಅದು…"

"ನಂಗೆ ಇನ್ನೆರಡು ವರ್ಷ ಇತ್ತು, ಅಷ್ಟೇ. ನಿಂಗೆ ಇನ್ನೂ ಬೇಕಾದಷ್ಟಿದೆ."

ಹೋಗಿಬಿಟ್ಟರು. ನಾಚಿಕೆಯಿಂದ ಸಾಯುವ ಹಾಗಾಯಿತು.

ಫೈಲಿನಲ್ಲಿ ನೂರಕ್ಕೂ ಹೆಚ್ಚು ಚೀಟಿ. ಒಂದು ವಾರವೂ ಬಿಟ್ಟಿಲ್ಲ. ಪ್ರತಿ 'ಮಾಡಿ ನೋಡಿದೆ'ಯ ಕೆಳಗೆ ಕೆಂಪು ಗೆರೆ. ಕೆಲವುಗಳ ಪಕ್ಕದಲ್ಲಿ 'ಶಭಾಷ್' ಎಂದು ಸಣ್ಣಕ್ಷರದಲ್ಲಿ. ಹಿಂದೆ ಕ್ಲಾಸಿನಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ ಹಾಗೇ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಬೋರ್ಡಿನ ಮೇಲೆ ಬರೆದಿಟ್ಟು ಪಾಠ ಮಾಡಿದ ಮನುಷ್ಯ, ನನ್ನೊಬ್ಬಳನ್ನು ಮಾತ್ರ ಪ್ರಮಾಣಿಸಿ ನೋಡಲಿಲ್ಲ.

ಆ ಶಭಾಷ್‌ಗಳಲ್ಲಿ ಎಷ್ಟು ನಿಜ ಎಂದು ಎಣಿಸಲು ಹೊರಟೆ. ಅರ್ಧಕ್ಕೇ ಬಿಟ್ಟೆ.

ಮಾರ್ಚ್ 30, ಭಾನುವಾರ

ಅಮ್ಮ, "ಉಪ್ಪು ನೋಡು, ನಾಲಿಗೆಯಲ್ಲಿ" ಎಂದರು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಅಳು ಬಂತು. ಉಪ್ಪು ಜಾಸ್ತಿಯಾಯಿತೇ ಎಂದು ಅಮ್ಮ ಗಾಬರಿಯಾದರು. ಅಲ್ಲೇ ಒಲೆ ಕಟ್ಟೆಗೆ ಒರಗಿ ನಿಂತು ಎಲ್ಲ ಹೇಳಿದೆ. ಸುಳ್ಳು ಬರೆದದ್ದು, ಅಳಿಸಿದ್ದು, ತಲೆ ಆಡಿಸಿದ್ದು. ಅಮ್ಮನಿಗೆ ಬಿಲ್ಡ್ ಟೂಲ್ ಅರ್ಥವಾಗಲಿಲ್ಲ. ಉಳಿದದ್ದೆಲ್ಲ ಅರ್ಥವಾಯಿತು.

"ಯಾರಿಗೆ ಹೇಳ್ಬೇಕೋ ಅವ್ರಿಗೆ ಹೇಳ್ದೆ ನಂಗೆ ಹೇಳಿದ್ರೆ ಏನು ಬಂತೇ?"

ಒಲೆ ಆರಿಸಿ ತಟ್ಟೆ ಇಟ್ಟರು.

ಮಾರ್ಚ್ 31, ಸೋಮವಾರ. 9:35

ಓದದೆ ಉಳಿದ ಸುದ್ದಿ 388. ಇರಲಿ.

ಇವತ್ತಿನ ಚೀಟಿಗೆ ಒಂದೇ ಸಾಲು:

'ಮಾರ್ಚ್ ಮೂರರ ಚೀಟಿಯ ಏಳನೆಯ ಸಾಲಿಗೆ ಮಾಡಿ ನೋಡಿದೆ ಎಂದು ಬರೆದಿದ್ದೆ. ಮಾಡಿರಲಿಲ್ಲ. ಮೇಷ್ಟ್ರು ಕೇಳಿದಾಗಲೂ ಸುಳ್ಳು ಹೇಳಿದೆ. ಹದಿನೆಂಟರ ಸಂಜೆ ಅದನ್ನು ತಿದ್ದಿದವಳೂ ನಾನೇ. ಅವರು ಓದಿದ್ದು ಸರಿಯಾಗಿಯೇ ಇತ್ತು.'

ಕೆಳಗೆ ಅವರ ಪ್ರಿಂಟಿನ ಫೋಟೋ, ಕೆಂಪು ಗೆರೆ ಕಾಣುವ ಹಾಗೆ.

9:52

ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಶರ್ಟು. ಮೇಜಿನ ಮೇಲೆ ರಟ್ಟಿನ ಡಬ್ಬಿ ಇಟ್ಟು, ಕೆಂಪು ಪೆನ್ಸಿಲನ್ನೂ ಲೋಟವನ್ನೂ ಅದರೊಳಗೆ ಹಾಕಿದರು. ಮೇಡಮ್ ಕೋಣೆಯ ಬಾಗಿಲು ತೆರೆದೇ ಇದೆ. ನನ್ನನ್ನೂ ತೆಗೆಯುತ್ತಾರೆ. ತೆಗೆಯಲಿ… ಹೀಗೆ ಬರೆಯುವುದು ಸುಲಭ.

9:58

'ಹಾಕಿದೆ' ಎಂದು ಇಲ್ಲಿ ಮೊದಲೇ ಬರೆದು, ಆಮೇಲೆ ಬಟನ್ ಒತ್ತೋಣ ಅನ್ನಿಸಿತು. ಹಳೆಯ ಚಾಳಿ. ಬೇಡ. ಒತ್ತಿದ ಮೇಲೆಯೇ ಬರೆಯುತ್ತೇನೆ.

10:01

ಹಾಕಿದೆ.

ಕೀಬೋರ್ಡುಗಳ ಸದ್ದು ನಿಂತಿದೆ. ಮೂಲೆ ಮೇಜಿನವನು ನನ್ನ ಕಡೆ ನೋಡುತ್ತಿಲ್ಲ. ಒಳಗೆ ಮೇಡಮ್ ಕುರ್ಚಿ ಸರಿಸಿದರು.

ಪ್ರಿಂಟರ್ ಶುರುವಾಯಿತು. ಒಂದೇ ಹಾಳೆ. ಮೇಷ್ಟ್ರು ಎದ್ದು ಹೋಗಿ ತೆಗೆದುಕೊಂಡರು. ನಿಂತೇ ಓದುತ್ತಿದ್ದಾರೆ. ಮೇಜಿಗೆ ಬಂದು ಕೂತರು. ಡಬ್ಬಿಯೊಳಗೆ ಕೈ ಹಾಕಿ ಕೆಂಪು ಪೆನ್ಸಿಲ್ ತೆಗೆದು, ಸಾಲಿನ ಪಕ್ಕದಲ್ಲಿ ಏನೋ ಸಣ್ಣಕ್ಷರದಲ್ಲಿ —